ಕ್ಲಬ್ ನಡಿಗೆ ರಿಲೇ: ನ್ಯಾಯ ಮತ್ತು ತಂಡದ ಒಗ್ಗಟ್ಟಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಡಿಗೆ ರಿಲೇಗೆ ಹೊಸದಾಗಿ ಹೆಸರು ಕೊಡುವ ಕ್ಲಬ್ಬುಗಳು ಬೂಟು, ನೀರು, ತರಬೇತಿಯ ವಿಚಾರವನ್ನು ಬೇಗನೆ ಮುಗಿಸಿಬಿಡುತ್ತವೆ. ಆಮೇಲೆ ಶುರುವಾಗುವುದು ನಿಜವಾದ ಚರ್ಚೆ: ಯಾರಿಗೆ ಯಾವ ಸರದಿ, ಯಾರನ್ನು ಬಿಡಬೇಕು, ಒಬ್ಬರ ತಪ್ಪಿಗೆ ಉಳಿದವರು ಎಷ್ಟು ಹೊಣೆ. ಇಲ್ಲಿನ ಉತ್ತರಗಳು ಹೆಚ್ಚಾಗಿ ಅಮೆರಿಕದ ಓರೆಗನ್ ರಾಜ್ಯದ ‘ಪೋರ್ಟ್‌ಲ್ಯಾಂಡ್ ಟು ಕೋಸ್ಟ್’ ನಡಿಗೆ ರಿಲೇಯನ್ನು ಕಣ್ಣೆದುರಿಗೆ ಇಟ್ಟುಕೊಂಡು ಬರೆದವು. ಹಿಲ್ಸ್‌ಬರೊ, ಬೀವರ್ಟನ್ ಕಡೆ ನೆಲೆಸಿರುವ ಕನ್ನಡಿಗರಿಗೆ ಇದು ಮನೆಯ ಹತ್ತಿರದ ಸ್ಪರ್ಧೆ. ಊರಿನಲ್ಲಿ ಸಣ್ಣ ಪ್ರಮಾಣದಲ್ಲಿ ಇಂಥದ್ದನ್ನು ನಡೆಸಬೇಕೆನ್ನುವವರಿಗೂ ಕೊನೆಯಲ್ಲಿ ಕೆಲವು ಮಾತುಗಳಿವೆ.

ಈ ಸ್ಪರ್ಧೆ ನಡೆಯುವುದು ಹೇಗೆ?

ಇದರ ಮೂಲ ‘ಹುಡ್ ಟು ಕೋಸ್ಟ್’ ಎಂಬ ಓಟದ ರಿಲೇ. 1982ರಲ್ಲಿ ಬಾಬ್ ಫೂಟ್ ಎಂಬವರು 8 ತಂಡಗಳೊಂದಿಗೆ ಆರಂಭಿಸಿದ ಈ ಓಟ ಹುಡ್ ಪರ್ವತದ ಟಿಂಬರ್‌ಲೈನ್ ಲಾಡ್ಜ್‌ನಿಂದ ಹೊರಟು, ಪೆಸಿಫಿಕ್ ಸಾಗರದ ದಡದಲ್ಲಿರುವ ಸೀಸೈಡ್ ಎಂಬ ಪಟ್ಟಣದಲ್ಲಿ ಮುಗಿಯುತ್ತದೆ. ಅದರಲ್ಲಿ 36 ಹಂತಗಳಿವೆ. ನಡಿಗೆಯವರು ಪರ್ವತದ ಇಳಿಜಾರನ್ನು ಬಿಟ್ಟು ಪೋರ್ಟ್‌ಲ್ಯಾಂಡ್ ನಗರದಿಂದ ಹೊರಡುತ್ತಾರೆ. ಅವರ ಪಾಲಿಗೆ ಬರುವುದು 24 ಹಂತ, ಒಟ್ಟು ಸುಮಾರು 130 ಮೈಲಿ, ಅಂದರೆ ಸುಮಾರು 209 ಕಿಲೋಮೀಟರ್. ಒಂದು ತಂಡದಲ್ಲಿ 8ರಿಂದ 12 ಮಂದಿ ಇರುತ್ತಾರೆ. ಒಬ್ಬರು ರಸ್ತೆಯಲ್ಲಿ ನಡೆಯುತ್ತಿರುವಾಗ ಉಳಿದವರು ವ್ಯಾನಿನಲ್ಲಿ ಮುಂದಿನ ಬದಲಿ ಸ್ಥಳಕ್ಕೆ ಹೋಗಿ ಕಾಯುತ್ತಾರೆ. ಕೈಯಿಂದ ಕೈಗೆ ದಾಟುವುದು ಕೋಲಲ್ಲ, ಮಣಿಕಟ್ಟಿಗೆ ಸುತ್ತಿಕೊಳ್ಳುವ ಒಂದು ಪಟ್ಟಿ. ಸೇಂಟ್ ಹೆಲೆನ್ಸ್ ದಾಟಿದ ಮೇಲೆ ಹಾದಿ ಮಿಸ್ಟ್, ಜ್ಯೂಯೆಲ್ ಎಂಬ ಪುಟ್ಟ ಊರುಗಳ ಮೂಲಕ ಕರಾವಳಿಯ ಬೆಟ್ಟಸಾಲಿಗೆ ಏರುತ್ತದೆ. ಹಗಲು, ರಾತ್ರಿ, ಮತ್ತೆ ಹಗಲು ಎಂದು ಸರದಿ ಮುರಿಯದೆ ಸಾಗಬೇಕು. ನ್ಯಾಯದ ಪ್ರಶ್ನೆಗಳು ಹುಟ್ಟುವುದೂ ಈ ವಿನ್ಯಾಸದಿಂದಲೇ: ಹಂತಗಳು ಸಮನಾಗಿಲ್ಲ, ನಡೆಯುವವರೂ ಸಮನಾಗಿಲ್ಲ, ನೋಡುವ ಕಣ್ಣುಗಳು ಎಲ್ಲ ಕಡೆಯೂ ಇಲ್ಲ.

ನಡಿಗೆ ಎಲ್ಲಿ ಮುಗಿಯುತ್ತದೆ, ಓಟ ಎಲ್ಲಿ ಶುರುವಾಗುತ್ತದೆ?

ಒಲಿಂಪಿಕ್ ಮಟ್ಟದ ನಡಿಗೆಗೆ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ಎರಡು ಷರತ್ತುಗಳನ್ನು ಇಟ್ಟಿದೆ. ಮೊದಲನೆಯದು, ಬರಿಗಣ್ಣಿಗೆ ಕಾಣುವಂತೆ ಎರಡೂ ಪಾದಗಳು ಒಟ್ಟಿಗೆ ನೆಲ ಬಿಡಬಾರದು. ಎರಡನೆಯದು, ಮುಂದಿಟ್ಟ ಕಾಲು ನೆಲಕ್ಕೆ ತಾಗಿದ ಕ್ಷಣದಿಂದ ಅದು ದೇಹದ ನೇರಕ್ಕೆ ಬರುವವರೆಗೆ ಮೊಣಕಾಲು ಮಡಚಿರಬಾರದು. ಕ್ಲಬ್ ಮಟ್ಟದಲ್ಲಿ ಎರಡನೆಯ ಷರತ್ತನ್ನು ಎಲ್ಲರ ಮೇಲೂ ಹೇರುವುದು ಅಷ್ಟು ಸುಲಭವಲ್ಲ, ಏಕೆಂದರೆ ಐವತ್ತು ದಾಟಿದ ಅನೇಕರ ಮೊಣಕಾಲು ಪೂರ್ತಿ ನೇರವಾಗುವುದೇ ಇಲ್ಲ. ಬ್ರಿಟನ್ನಿನ ನಡಿಗೆ ಕ್ಲಬ್ಬುಗಳು ಇದಕ್ಕೊಂದು ದಾರಿ ಕಂಡುಕೊಂಡಿವೆ: ‘ಎ’ ವರ್ಗದ ಸ್ಪರ್ಧೆಯಲ್ಲಿ ಎರಡೂ ಷರತ್ತುಗಳು ಅನ್ವಯಿಸುತ್ತವೆ, ‘ಬಿ’ ವರ್ಗದಲ್ಲಿ ಮೊಣಕಾಲಿನ ಷರತ್ತನ್ನು ನೋಡುವುದಿಲ್ಲ. ಓರೆಗನ್ನಿನಂಥ ದೀರ್ಘ ರಿಲೇಯಲ್ಲಿ ಮುಖ್ಯವಾಗಿ ಉಳಿಯುವ ನಿಯಮ ಒಂದೇ, ಓಡುವಂತಿಲ್ಲ. ನಿಮ್ಮ ತಂಡದಲ್ಲಿ ಒಲಿಂಪಿಕ್ ಶೈಲಿಯಲ್ಲಿ ಸೊಂಟ ತಿರುಗಿಸಿ ನಡೆಯಬಲ್ಲವರೂ ಸಂಜೆಯ ವಾಯುವಿಹಾರದ ಶೈಲಿಯವರೂ ಇದ್ದರೆ ಅದರಲ್ಲಿ ಅನ್ಯಾಯವೇನೂ ಇಲ್ಲ. ಇಬ್ಬರಿಗೂ ಒಂದೇ ಗೆರೆ ಎಳೆದಿದ್ದರೆ ಸಾಕು.

ತೀರ್ಪುಗಾರರು ಇಲ್ಲದ ಕಡೆ ನಾಲ್ಕು ಹೆಜ್ಜೆ ಓಡಿದರೆ ಯಾರಿಗೆ ನಷ್ಟ?

ಅತಿ ಹೆಚ್ಚು ಸಲ, ಅದೂ ಸ್ವಲ್ಪ ನಗುತ್ತ ಕೇಳುವ ಪ್ರಶ್ನೆ ಇದು. ಹಾದಿಯುದ್ದಕ್ಕೂ ನಡಿಗೆ ತೀರ್ಪುಗಾರರು ಸಂಚರಿಸುತ್ತಾರೆ, ನಿಜ. ಆದರೆ 209 ಕಿಲೋಮೀಟರಿನ ಪ್ರತಿ ತಿರುವಿನಲ್ಲೂ, ಬೆಟ್ಟಸಾಲಿನ ಕತ್ತಲೆಯಲ್ಲೂ ಒಬ್ಬರನ್ನು ನಿಲ್ಲಿಸಲು ಯಾವ ಸಂಘಟಕರಿಂದಲೂ ಆಗದು. ಹಾಗಾಗಿ ಈ ಆಟದ ನ್ಯಾಯದ ದೊಡ್ಡ ಪಾಲು ತೀರ್ಪುಗಾರರ ಕೈಯಲ್ಲಿಲ್ಲ, ನಡೆಯುವವರ ಕೈಯಲ್ಲಿದೆ. ಇದು ಉಪದೇಶವಲ್ಲ, ಬರೀ ಭೂಗೋಳ.

ಲೆಕ್ಕವನ್ನೂ ನೋಡೋಣ. ಒಂದು ಹಂತದ ಸರಾಸರಿ ದೂರ 8.7 ಕಿಲೋಮೀಟರ್. ಮೈಲಿಗೆ 15 ನಿಮಿಷದಂತೆ ನಡೆಯುವವರಿಗೆ ಇದಕ್ಕೆ ಸುಮಾರು 81 ನಿಮಿಷ ಬೇಕು. ಇಳಿಜಾರಿನಲ್ಲಿ ಒಂದು ಮೈಲಿಯನ್ನು ಮೆಲ್ಲನೆ ಓಡಿ 11 ನಿಮಿಷದಲ್ಲಿ ಮುಗಿಸಿದವರು 4 ನಿಮಿಷ ಕದ್ದಂತಾಯಿತು. ತಂಡದ ಆರು ಮಂದಿ ತಲಾ ಒಂದೊಂದು ಸಲ ಹೀಗೆ ಮಾಡಿದರೆ 24 ನಿಮಿಷ. ಒಂದು ವಿಭಾಗದಲ್ಲಿ ಮೂರನೆಯ ಮತ್ತು ನಾಲ್ಕನೆಯ ಸ್ಥಾನದ ನಡುವೆ ಅಷ್ಟು ಅಂತರ ಇಲ್ಲದಿರುವುದು ಸಾಮಾನ್ಯ. ಹಾಗಾದರೆ ನಷ್ಟ ಯಾರದು ಎಂಬುದು ಸ್ಪಷ್ಟ: ಇಡೀ ರಾತ್ರಿ ನಿಯಮ ಪಾಲಿಸಿ ನಡೆದ ನಾಲ್ಕನೆಯ ತಂಡದ್ದು, ಅದೂ ಅವರಿಗೆ ಎಂದೂ ಗೊತ್ತಾಗದ ನಷ್ಟ.

ರಸ್ತೆ ದಾಟುವಾಗ ವಾಹನ ಬಂದರೆ, ನಾಯಿ ಅಟ್ಟಿಸಿಕೊಂಡು ಬಂದರೆ ಓಡಲೇಬೇಕು, ಪ್ರಾಣಕ್ಕಿಂತ ನಿಯಮ ದೊಡ್ಡದಲ್ಲ. ಅಂಥ ಸಂದರ್ಭದಲ್ಲಿ ಅಪಾಯ ಕಳೆದ ಮೇಲೆ ನಿಂತು, ಓಡಿದಷ್ಟು ಹೊತ್ತು ಕಾದು ಮುಂದೆ ಹೋಗುವ ರೂಢಿಯನ್ನು ನಿಮ್ಮ ತಂಡ ಇಟ್ಟುಕೊಳ್ಳಬಹುದು. ಯಾರೂ ಕೇಳುವುದಿಲ್ಲ, ಆದರೆ ಹೊರಡುವ ಮೊದಲೇ ಇದನ್ನು ಬಾಯಿಬಿಟ್ಟು ಒಪ್ಪಿಕೊಂಡ ತಂಡದಲ್ಲಿ ಆಮೇಲೆ ಪಿಸುಮಾತು ಏಳುವುದಿಲ್ಲ.

ಒಬ್ಬರ ತಪ್ಪಿಗೆ ಇಡೀ ತಂಡವನ್ನು ಅನರ್ಹಗೊಳಿಸುವುದು ಸರಿಯೆ?

ಒಬ್ಬರೇ ಸ್ಪರ್ಧಿಸುವ ನಡಿಗೆಯಲ್ಲಿ ತೀರ್ಪು ಎಷ್ಟು ಕಠೋರವಾಗಿರಬಲ್ಲದು ಎಂಬುದನ್ನು 2000ದ ಸಿಡ್ನಿ ಒಲಿಂಪಿಕ್ಸ್ ತೋರಿಸಿತು. ಮಹಿಳೆಯರ 20 ಕಿಲೋಮೀಟರ್ ನಡಿಗೆಯಲ್ಲಿ ಮುಂದಿದ್ದ ಆಸ್ಟ್ರೇಲಿಯಾದ ಜೇನ್ ಸ್ಯಾವಿಲ್, ತವರಿನ ಕ್ರೀಡಾಂಗಣದ ಬಾಗಿಲಿಗೆ ಬಂದಾಗ ಅನರ್ಹರಾದರು. ಪುರುಷರ 20 ಕಿಲೋಮೀಟರಿನಲ್ಲಿ ಮೊದಲು ಗೆರೆ ದಾಟಿದ ಮೆಕ್ಸಿಕೊದ ಬರ್ನಾರ್ಡೊ ಸೆಗುರಾ, ತಮ್ಮ ದೇಶದ ಅಧ್ಯಕ್ಷರ ಅಭಿನಂದನೆಯನ್ನು ಫೋನಿನಲ್ಲಿ ಕೇಳುತ್ತಿದ್ದಾಗಲೇ ಅನರ್ಹತೆಯ ಸುದ್ದಿ ಬಂತು; ಚಿನ್ನ ಪೋಲೆಂಡಿನ ರಾಬರ್ಟ್ ಕೊಜೆನ್ಯೋವ್‌ಸ್ಕಿ ಪಾಲಾಯಿತು. ಅವರಿಬ್ಬರೂ ಆ ನೋವನ್ನು ಒಬ್ಬೊಬ್ಬರೇ ಅನುಭವಿಸಿದರು. ರಿಲೇಯಲ್ಲಾದರೆ ಅದೇ ತೀರ್ಪು, ಆ ಹೊತ್ತಿನಲ್ಲಿ ವ್ಯಾನಿನ ಹಿಂಬದಿಯಲ್ಲಿ ನಿದ್ದೆ ಮಾಡುತ್ತಿರುವವರ ಮೇಲೂ ಬೀಳುತ್ತದೆ.

2024ರ ಆಗಸ್ಟ್ 7ರಂದು ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನಡೆದ ಮಿಶ್ರ ನಡಿಗೆ ರಿಲೇ ಇದನ್ನು ಅತ್ಯುನ್ನತ ಮಟ್ಟದಲ್ಲಿ ಎದುರಿಸಿತು. ಮ್ಯಾರಥಾನಿನ 42.195 ಕಿಲೋಮೀಟರನ್ನು ಒಬ್ಬ ಪುರುಷ, ಒಬ್ಬ ಮಹಿಳೆ ಎರಡೆರಡು ಸರದಿಯಲ್ಲಿ ಹಂಚಿಕೊಂಡರು: 11.45, 10, 10 ಮತ್ತು 10.745 ಕಿಲೋಮೀಟರ್. ನಡಿಗೆಯ ನಿಯಮ ಮೀರಿದ್ದಕ್ಕೆ ತೀರ್ಪುಗಾರರಿಂದ ಇಬ್ಬರಿಗೂ ಬಿದ್ದ ಕೆಂಪು ಕಾರ್ಡುಗಳು ತಂಡದ ಒಂದೇ ಖಾತೆಗೆ ಸೇರುತ್ತಿದ್ದವು, ಅವು ಹೆಚ್ಚಾದರೆ ತಂಡಕ್ಕೆ ಸಮಯದ ದಂಡ ಬೀಳುತ್ತಿತ್ತು. ಎರಡನೆಯವರು ಎಷ್ಟು ಧೈರ್ಯವಾಗಿ ವೇಗ ಹೆಚ್ಚಿಸಬಹುದು ಎಂಬುದನ್ನು ಮೊದಲನೆಯವರ ಶಿಸ್ತು ನಿರ್ಧರಿಸುತ್ತಿತ್ತು ಎಂದರ್ಥ. ಸ್ಪೇನಿನ ಆಲ್ವರೊ ಮಾರ್ಟಿನ್ ಮತ್ತು ಮರಿಯಾ ಪೆರೆಸ್ 2 ಗಂಟೆ 50 ನಿಮಿಷ 31 ಸೆಕೆಂಡುಗಳಲ್ಲಿ ಗೆದ್ದರು. ಎರಡನೆಯ ಸ್ಥಾನದ ಈಕ್ವೆಡಾರ್ 51 ಸೆಕೆಂಡು ಹಿಂದಿತ್ತು, ಮೂರನೆಯದಾಗಿ ಬಂದ ಆಸ್ಟ್ರೇಲಿಯಾ ಇನ್ನೂ 16 ಸೆಕೆಂಡು ಹಿಂದೆ. ಇಷ್ಟು ಬಿಗಿಯಾದ ಸ್ಪರ್ಧೆಯಲ್ಲಿ ಕೆಲವು ನಿಮಿಷಗಳ ದಂಡವೆಂದರೆ ಪದಕವನ್ನೇ ಬಿಟ್ಟುಕೊಟ್ಟಂತೆ.

ನನ್ನ ಅಭಿಪ್ರಾಯದಲ್ಲಿ ತಂಡಕ್ಕೆ ದಂಡ ಹಾಕುವುದು ಸರಿ, ತಂಡವನ್ನು ಒಂದೇ ಏಟಿಗೆ ಮನೆಗೆ ಕಳಿಸುವುದು ಸರಿಯಲ್ಲ. ಕ್ಲಬ್ ರಿಲೇಯಲ್ಲಿ ಸಮಯದ ದಂಡವೇ ಉತ್ತಮ. ತಪ್ಪಿನ ಭಾರ ಎಲ್ಲರ ಮೇಲೂ ಬೀಳುತ್ತದೆ, ಆದರೂ ಉಳಿದವರ ನಡಿಗೆ ವ್ಯರ್ಥವಾಗುವುದಿಲ್ಲ. ಎಚ್ಚರಿಕೆ ಕೊಟ್ಟ ಮೇಲೂ ಮತ್ತೆ ಮತ್ತೆ ಓಡುವ ತಂಡಕ್ಕೆ ಮಾತ್ರ ಅನರ್ಹತೆ ಮೀಸಲಿರಲಿ.

ಹಂತಗಳನ್ನು ನ್ಯಾಯವಾಗಿ ಹಂಚುವುದು ಹೇಗೆ?

ಹೆಚ್ಚು ಮನಸ್ತಾಪ ಹುಟ್ಟುವ ಜಾಗ ಇದೇ ಆಗಿರುವುದರಿಂದ ಸ್ವಲ್ಪ ವಿವರವಾಗಿ ಹೇಳಬೇಕಾಗುತ್ತದೆ. ಒಂದು ಹಂತದ ಕಷ್ಟವನ್ನು ದೂರದಿಂದ ಮಾತ್ರ ಅಳೆಯುವುದು ಮೊದಲ ತಪ್ಪು. ಕೊಲಂಬಿಯಾ ನದಿಯ ಬದಿಯಲ್ಲಿ ಮಧ್ಯಾಹ್ನದ ಬಿಸಿಲಿಗೆ, ಲಾರಿಗಳ ಸದ್ದಿನ ನಡುವೆ ಸಾಗುವ ಸಮತಟ್ಟಾದ ಹೆದ್ದಾರಿಯೂ, ರಾತ್ರಿ ಎರಡಕ್ಕೆ ಫೋನಿನ ಸಿಗ್ನಲ್ ಸಿಗದ ಬೆಟ್ಟದ ಏರೂ ಕಾಗದದ ಮೇಲೆ ಒಂದೇ ದೂರವಾಗಿ ಕಾಣಬಹುದು. ಆದ್ದರಿಂದ ಕ್ಯಾಪ್ಟನ್ ಪ್ರತಿ ಹಂತಕ್ಕೂ ನಾಲ್ಕು ಸಂಗತಿಗಳನ್ನು ಬರೆದಿಡಬೇಕು: ದೂರ, ಏರಿಳಿತ, ಆ ಹೊತ್ತಿಗೆ ಹಗಲೋ ರಾತ್ರಿಯೋ, ಮತ್ತು ರಸ್ತೆಯ ಬದಿ ಎಷ್ಟು ಅಗಲ. ಮೂರನೆಯದು ನಿಮ್ಮ ಹೊರಡುವ ಸಮಯದ ಮೇಲೆ ನಿಂತಿರುವುದರಿಂದ ಹಿಂದಿನ ವರ್ಷದ ಹಂಚಿಕೆಯನ್ನು ಕಣ್ಣುಮುಚ್ಚಿ ನಕಲು ಮಾಡುವಂತಿಲ್ಲ.

ಒಬ್ಬರಿಗೆ ಬರುವುದು ಒಂದೇ ಹಂತವಲ್ಲ, ಹಂತಗಳ ಒಂದು ಕಟ್ಟು ಎಂಬುದನ್ನೂ ಮರೆಯಬಾರದು. 12 ಮಂದಿಯ ತಂಡದಲ್ಲಿ ಮೂರನೆಯ ಸ್ಥಾನದವರು 3 ಮತ್ತು 15ನೆಯ ಹಂತ ನಡೆಯುತ್ತಾರೆ. ಹೋಲಿಸಬೇಕಾದದ್ದು ಈ ಜೋಡಿಯ ಒಟ್ಟು ಕಷ್ಟವನ್ನು. ಕಟ್ಟುಗಳನ್ನು ಕಷ್ಟದ ಕ್ರಮದಲ್ಲಿ ಜೋಡಿಸಿ ಎಲ್ಲರಿಗೂ ತೋರಿಸಿದ ಮೇಲೆ, ಅತಿ ಕಷ್ಟದ ಎರಡು ಮೂರನ್ನು ತಾವಾಗಿ ಒಪ್ಪಿಕೊಳ್ಳುವವರು ಯಾರೆಂದು ಕೇಳಿ. ಉಳಿದವನ್ನು ಚೀಟಿ ಎತ್ತಿ ಹಂಚಿ. ಕ್ಯಾಪ್ಟನ್ ತಮ್ಮ ಚೀಟಿಯನ್ನು ಕೊನೆಯಲ್ಲಿ ಎತ್ತುವುದು ಒಳ್ಳೆಯದು. ಗೆಲುವನ್ನೇ ಗುರಿಯಾಗಿಟ್ಟುಕೊಂಡ ತಂಡವಾದರೆ ವೇಗದವರಿಗೆ ಉದ್ದನೆಯ ಹಂತ ಎಂದು ಲೆಕ್ಕ ಹಾಕಿ ಕೊಡಬಹುದು, ತಪ್ಪಿಲ್ಲ. ಆದರೆ ಯಾವ ತತ್ತ್ವದ ಮೇಲೆ ಹಂಚುತ್ತೇವೆ ಎಂಬುದು ಮೊದಲು ತೀರ್ಮಾನವಾಗಿ, ಹೆಸರುಗಳು ಆಮೇಲೆ ಬರಬೇಕು. ಹೆಸರು ಮೊದಲು ಬಂದು ತತ್ತ್ವ ಹಿಂದಿನಿಂದ ಬಂದರೆ ಅದು ಯಾರಿಗೂ ನ್ಯಾಯವಾಗಿ ಕಾಣುವುದಿಲ್ಲ, ನಿಜವಾಗಿ ನ್ಯಾಯವಾಗಿದ್ದರೂ ಕೂಡ.

ರಾತ್ರಿಯ ಹಂತದ ಬಗ್ಗೆ ಒಂದು ಮಾತು. ಕತ್ತಲಲ್ಲಿ ಒಬ್ಬರೇ ನಡೆಯಲು ಹೆದರುವವರು, ಅದರಲ್ಲೂ ಮಹಿಳೆಯರು, ಆ ಭಯವನ್ನು ಎಲ್ಲರೆದುರು ಹೇಳಿಕೊಳ್ಳುವ ಸ್ಥಿತಿ ಬರಬಾರದು. ಚೀಟಿ ಎತ್ತುವ ಮೊದಲು ಕ್ಯಾಪ್ಟನ್ ಒಬ್ಬೊಬ್ಬರನ್ನೇ ಖಾಸಗಿಯಾಗಿ ಕೇಳಿದರೆ ಈ ಮುಜುಗರ ತಪ್ಪುತ್ತದೆ. ಪ್ರತಿಫಲಿಸುವ ಅಂಗಿ ಮತ್ತು ದೀಪ ರಾತ್ರಿಯಲ್ಲಿ ಕಡ್ಡಾಯವೇ ಆದರೂ ಅವು ಭಯಕ್ಕೆ ಔಷಧಿಯಲ್ಲ.

ತಂಡದಲ್ಲಿ 8 ಮಂದಿ ಇರಬೇಕೆ, 12 ಮಂದಿ ಇರಬೇಕೆ?

24ನ್ನು 12ರಿಂದ ಭಾಗಿಸಿದರೆ ತಲಾ ಎರಡು ಹಂತ, 8ರಿಂದ ಭಾಗಿಸಿದರೆ ತಲಾ ಮೂರು. ನಡುವಿನ ಸಂಖ್ಯೆಗಳಲ್ಲಿ ತೊಡಕು ಶುರು: 10 ಮಂದಿ ಇದ್ದರೆ ನಾಲ್ವರು ಮೂರು ಹಂತ, ಆರು ಮಂದಿ ಎರಡು ಹಂತ ನಡೆಯಬೇಕಾಗುತ್ತದೆ. ಮೊದಲ ವರ್ಷಕ್ಕೆ 12 ಸುರಕ್ಷಿತ. ಸಾಧ್ಯವಾಗದಿದ್ದರೆ ಹೆಚ್ಚುವರಿ ಹಂತ ಯಾರದು ಎಂಬುದನ್ನು ಹೆಸರು ಕೊಡುವ ದಿನವೇ ತೀರ್ಮಾನಿಸಿ.

ವೇಗವಾಗಿ ನಡೆಯುವವರು ಬೇರೆಯವರ ಹಂತವನ್ನೂ ನಡೆಯಬಹುದೆ?

ನಡೆಯಬಾರದು. ಒಮ್ಮೆ ಗೊತ್ತುಮಾಡಿದ ಸರದಿಯ ಕ್ರಮವನ್ನು ಕೊನೆಯವರೆಗೂ ಪಾಲಿಸಬೇಕೆಂಬುದೇ ರಿಲೇಯ ಜೀವಾಳ. ಈ ನಿಯಮ ಇಲ್ಲದಿದ್ದರೆ 12 ಮಂದಿಯ ತಂಡ ಎಂಬುದು ಮೂವರು ಬಲಿಷ್ಠರು ಮತ್ತು ಒಂಬತ್ತು ಮಂದಿ ಪ್ರೇಕ್ಷಕರ ಪ್ರವಾಸವಾಗಿಬಿಡುತ್ತದೆ.

ನಮ್ಮ ಕ್ಲಬ್ಬಿನ ಒಬ್ಬ ಸದಸ್ಯರು ಬಹಳ ನಿಧಾನ. ಅವರನ್ನು ಬಿಡುವುದು ಅನ್ಯಾಯವೆ, ಸೇರಿಸುವುದು ಉಳಿದವರಿಗೆ ಅನ್ಯಾಯವೆ?

ಮೊದಲು ಅಂಕಿಯನ್ನು ನೋಡಿ, ಆಮೇಲೆ ಮನಸ್ಸನ್ನು. ತಂಡದ ಸರಾಸರಿ ಮೈಲಿಗೆ 15 ನಿಮಿಷ, ಆ ಸದಸ್ಯರದು 18 ನಿಮಿಷ ಎಂದಿಟ್ಟುಕೊಳ್ಳಿ. ಎರಡು ಹಂತಕ್ಕೆ ಸುಮಾರು 11 ಮೈಲಿ, ಅಂದರೆ ಹೆಚ್ಚಾಗುವುದು 33 ನಿಮಿಷ. ಮೈಲಿಗೆ 15 ನಿಮಿಷದ ತಂಡದ ಒಟ್ಟು ಸಮಯ ಹೇಗೂ 32 ಗಂಟೆ 30 ನಿಮಿಷದ ಆಸುಪಾಸು. ಪದಕದ ಆಸೆಯಿಲ್ಲದ ತಂಡಕ್ಕೆ ಈ ಅರ್ಧ ಗಂಟೆ ಏನೂ ಅಲ್ಲ. ಹಾದಿ ತಪ್ಪಿದರೆ, ಬದಲಿ ಸ್ಥಳಕ್ಕೆ ವ್ಯಾನು ತಡವಾಗಿ ತಲುಪಿದರೆ ಇದಕ್ಕಿಂತ ಹೆಚ್ಚು ಹೊತ್ತು ಹೋಗುತ್ತದೆ. ಎಷ್ಟೋ ಕ್ಲಬ್ಬುಗಳು ನಿಧಾನದವರನ್ನು ಬಿಟ್ಟು, ಉಳಿಸಿದ ಸಮಯವನ್ನು ವ್ಯಾನಿನ ಗೊಂದಲದಲ್ಲಿ ಕಳೆಯುತ್ತವೆ.

ಪದಕದ ಗುರಿ ಇರುವ ತಂಡದ ಮಾತು ಬೇರೆ. ಅಲ್ಲಿ ಆಯ್ಕೆಗೆ ಅರ್ಹತಾ ನಡಿಗೆ ಇರಲಿ, ದಿನಾಂಕ ಮತ್ತು ದೂರ ಮೊದಲೇ ತಿಳಿಸಿರಲಿ, ಫಲಿತಾಂಶ ಎಲ್ಲರಿಗೂ ಕಾಣುವಂತಿರಲಿ. ಕ್ಲಬ್ಬಿನಲ್ಲಿ ಸಾಕಷ್ಟು ಜನರಿದ್ದರೆ ಎರಡು ತಂಡ ಮಾಡಿ. ಎರಡನೆಯ ತಂಡಕ್ಕೂ ಅಷ್ಟೇ ಒಳ್ಳೆಯ ವ್ಯಾನು, ಅಷ್ಟೇ ಒಳ್ಳೆಯ ಊಟ, ಅನುಭವಿ ಕ್ಯಾಪ್ಟನ್ ಸಿಗದಿದ್ದರೆ ಮಾತ್ರ ಅದು ನಿಜಕ್ಕೂ ಎರಡನೆಯ ದರ್ಜೆಯದಾಗುತ್ತದೆ. ಒಪ್ಪಲಾಗದ ಒಂದೇ ನಡವಳಿಕೆಯೆಂದರೆ, ಒಬ್ಬರಿಂದ ವರ್ಷವಿಡೀ ತರಬೇತಿಯ ಶುಲ್ಕವನ್ನೂ ಕೆಲಸವನ್ನೂ ಪಡೆದು, ಕೊನೆಯ ವಾರದಲ್ಲಿ ‘ಈ ಸಲ ಬೇಡ’ ಎನ್ನುವುದು.

ಸೇರಿಸಿಕೊಂಡ ಮೇಲೆ ಅವರು ಬದಲಿ ಸ್ಥಳಕ್ಕೆ ಬಂದಾಗ ಗಡಿಯಾರ ನೋಡುತ್ತ ನಿಲ್ಲಬೇಡಿ. ಅವರ ನಿರೀಕ್ಷಿತ ಸಮಯವನ್ನು ವೇಳಾಪಟ್ಟಿಯಲ್ಲಿ ಮೊದಲೇ ಅಷ್ಟಕ್ಕೇ ಬರೆದಿದ್ದರೆ ಅವರು ತಡವಾದವರಲ್ಲ, ಸರಿಯಾದ ಹೊತ್ತಿಗೆ ಬಂದವರು.

ತಂಡದ ಅಂದಾಜು ವೇಗವನ್ನು ಸ್ವಲ್ಪ ಹೆಚ್ಚು ಕಡಿಮೆ ಹೇಳಿದರೆ ತೊಂದರೆಯೆ?

ಈ ರಿಲೇಯಲ್ಲಿ ಎಲ್ಲ ತಂಡಗಳೂ ಒಟ್ಟಿಗೆ ಹೊರಡುವುದಿಲ್ಲ. ಸಂಘಟಕರು ಅಂದಾಜು ವೇಗ ನೋಡಿ ನಿಧಾನದವರನ್ನು ಮೊದಲು, ವೇಗದವರನ್ನು ಆಮೇಲೆ ಬಿಡುತ್ತಾರೆ. ಮೈಲಿಗೆ 12 ನಿಮಿಷದ ತಂಡ 26 ಗಂಟೆಯಲ್ಲಿ ಮುಗಿಸಿದರೆ 15 ನಿಮಿಷದ ತಂಡಕ್ಕೆ ಅದಕ್ಕಿಂತ ಆರೂವರೆ ಗಂಟೆ ಹೆಚ್ಚು ಬೇಕು. ಇಬ್ಬರನ್ನೂ ಒಟ್ಟಿಗೆ ಬಿಟ್ಟರೆ ಬದಲಿ ಸ್ಥಳಗಳ ಸ್ವಯಂಸೇವಕರು ಅಷ್ಟು ಹೊತ್ತು ಹೆಚ್ಚಾಗಿ ಕಾಯಬೇಕಾಗುತ್ತದೆ.

ಬೇಗ ಹೊರಡುವ ಆಸೆಗೆ ವೇಗವನ್ನು ಕಡಿಮೆ ಹೇಳಿದರೆ ನೀವು ಇನ್ನೂ ತೆರೆಯದ ಬದಲಿ ಸ್ಥಳಕ್ಕೆ ತಲುಪುತ್ತೀರಿ. ಹೆಮ್ಮೆಗೆ ಹೆಚ್ಚು ಹೇಳಿದರೆ ಎಲ್ಲರಿಗಿಂತ ಹಿಂದೆ ಬಿದ್ದು, ಮುಚ್ಚುವ ಹೊತ್ತಿನ ಒತ್ತಡದಲ್ಲಿ ಸಿಗುತ್ತೀರಿ. ಓಡುವ ಆಸೆ ಹುಟ್ಟುವುದೂ ಆಗಲೇ. ಈಚಿನ ಎರಡು ಮೂರು ತಿಂಗಳಲ್ಲಿ ನಡೆದ 10 ಕಿಲೋಮೀಟರಿನ ಸಮಯವನ್ನು ತೆಗೆದುಕೊಂಡು, ರಾತ್ರಿ ಮತ್ತು ದಣಿವಿಗಾಗಿ ಸ್ವಲ್ಪ ಸೇರಿಸಿ ಬರೆಯಿರಿ. ಯೌವನದ ದಾಖಲೆಗಳನ್ನು ಈ ಅರ್ಜಿಗೆ ತರಬೇಡಿ.

ವಯಸ್ಸಿನ ವ್ಯತ್ಯಾಸವನ್ನು ಸರಿದೂಗಿಸುವುದು ಹೇಗೆ?

ದೊಡ್ಡ ರಿಲೇಗಳು ಪುರುಷರು, ಮಹಿಳೆಯರು, ಮಿಶ್ರ ತಂಡ ಎಂದೂ, ವಯಸ್ಸಿನ ಪ್ರಕಾರವೂ ವಿಭಾಗಗಳನ್ನು ಮಾಡುತ್ತವೆ. ಕ್ಲಬ್ಬಿನ ಒಳಗಿನ ಸ್ಪರ್ಧೆಗೆ ಅಷ್ಟು ವಿಭಾಗ ಮಾಡುವಷ್ಟು ಜನರಿರುವುದಿಲ್ಲ. ಅಲ್ಲಿ ಎರಡು ಉಪಾಯಗಳು ಚಾಲ್ತಿಯಲ್ಲಿವೆ. ಹಿರಿಯ ಕ್ರೀಡಾಪಟುಗಳ ವಿಶ್ವ ಸಂಸ್ಥೆ ಬಳಸುವ ವಯೋಮಾನದ ಕೋಷ್ಟಕಗಳಲ್ಲಿ ನಡಿಗೆಗೂ ಪ್ರತ್ಯೇಕ ಅಂಕಿಗಳಿವೆ; ಆ ವಯಸ್ಸಿನ ಅತ್ಯುತ್ತಮ ಮಟ್ಟಕ್ಕೆ ಹೋಲಿಸಿ ಪ್ರತಿಯೊಬ್ಬರ ಸಾಧನೆಯನ್ನು ಶೇಕಡಾವಾರು ಅಳೆಯಬಹುದು. ಇದರಲ್ಲಿ 68ರ ಹಿರಿಯರು 30ರ ತರುಣರನ್ನು ಸೋಲಿಸುವುದು ಅಪರೂಪವಲ್ಲ.

ಎರಡನೆಯದು, ನನಗೆ ಹೆಚ್ಚು ಇಷ್ಟವಾದದ್ದು, ಅಂದಾಜಿನ ಸ್ಪರ್ಧೆ. ಪ್ರತಿ ತಂಡ ತನ್ನ ಒಟ್ಟು ಸಮಯವನ್ನು ಮೊದಲೇ ಬರೆದು ಮುಚ್ಚಿದ ಲಕೋಟೆಯಲ್ಲಿ ಕೊಡುತ್ತದೆ, ಕೈಗಡಿಯಾರ ಮತ್ತು ಫೋನುಗಳನ್ನು ಬಿಟ್ಟು ನಡೆಯುತ್ತದೆ, ಬರೆದ ಸಮಯಕ್ಕೆ ಅತಿ ಹತ್ತಿರ ಬಂದವರು ಗೆಲ್ಲುತ್ತಾರೆ. ಓಡುವುದರಿಂದ ಇಲ್ಲಿ ಲಾಭವೇ ಇಲ್ಲ. ಸ್ಥಿರವಾಗಿ ನಡೆಯುವವರು ತಂಡದ ಆಸ್ತಿಯಾಗುತ್ತಾರೆ.

ಪರಿಚಯವೇ ಇಲ್ಲದ ಬಲಿಷ್ಠರೊಬ್ಬರನ್ನು ಈ ಸ್ಪರ್ಧೆಗೆ ಮಾತ್ರ ಸೇರಿಸಿಕೊಳ್ಳಬಹುದೆ?

ನಿಯಮ ತಡೆಯದಿರಬಹುದು. ಆದರೆ ಕ್ಲಬ್ಬಿನ ಹೆಸರಿನಲ್ಲಿ ನಡೆಯುವ ತಂಡಕ್ಕೆ ಎರವಲು ಕಾಲುಗಳನ್ನು ತಂದರೆ ಬಹುಮಾನವನ್ನು ಯಾರು ಗೆದ್ದರು ಎಂಬ ಪ್ರಶ್ನೆಗೆ ನಿಮ್ಮಲ್ಲೇ ಉತ್ತರ ಇರುವುದಿಲ್ಲ. ಯಾರೋ ಕೊನೆಯ ಗಳಿಗೆಯಲ್ಲಿ ಹಿಂದೆ ಸರಿದು ಜಾಗ ಖಾಲಿಯಾದಾಗ ಗೆಳೆಯರ ಗೆಳೆಯರನ್ನು ಕರೆಯುವುದು ಬೇರೆ ವಿಷಯ, ಅದು ಎಲ್ಲ ಕಡೆಯೂ ನಡೆಯುತ್ತದೆ.

ತಂಡಕ್ಕೆ ಅವಕಾಶ ಗಳಿಸಿಕೊಟ್ಟವರೇ ನಡೆಯಬೇಕೆ? ನಡುವೆ ಗಾಯವಾದರೆ ಏನು ಮಾಡಬೇಕು?

ಭಾರತದ ಉದಾಹರಣೆಯೇ ಇದೆ. 2024ರ ಏಪ್ರಿಲ್‌ನಲ್ಲಿ ಟರ್ಕಿಯ ಅಂಟಾಲ್ಯದಲ್ಲಿ ನಡೆದ ವಿಶ್ವ ತಂಡ ನಡಿಗೆ ಸ್ಪರ್ಧೆಯಲ್ಲಿ ಅಕ್ಷ್‌ದೀಪ್ ಸಿಂಗ್ ಮತ್ತು ಪ್ರಿಯಾಂಕಾ ಗೋಸ್ವಾಮಿ 18ನೆಯ ಸ್ಥಾನ ಪಡೆದು ಮಿಶ್ರ ರಿಲೇಗೆ ಒಲಿಂಪಿಕ್ ಅರ್ಹತೆ ತಂದರು. ಪ್ಯಾರಿಸ್‌ನಲ್ಲಿ ಪ್ರಿಯಾಂಕಾ ಜೊತೆ ನಡೆದವರು ಸೂರಜ್ ಪನ್ವಾರ್. ಆ ಜೋಡಿಗೆ ಸ್ಪರ್ಧೆ ಪೂರ್ಣಗೊಳಿಸಲು ಆಗಲಿಲ್ಲ. ಅರ್ಹತೆ ದೇಶದ್ದು, ವ್ಯಕ್ತಿಯದಲ್ಲ ಎಂಬುದು ಅಲ್ಲಿನ ನಿಯಮ. ಕ್ಲಬ್ಬುಗಳಲ್ಲೂ ಜಾಗ ಕ್ಲಬ್ಬಿನದೇ. ಆದರೆ ಜಾಗ ಗಳಿಸಿದವರನ್ನು ಬದಲಾಯಿಸಬೇಕಾದಾಗ ಕಾರಣವನ್ನು ಅವರಿಗೇ ಮೊದಲು ಹೇಳಬೇಕು, ವಾಟ್ಸ್ಆ್ಯಪ್ ಗುಂಪಿಗಲ್ಲ.

ಸ್ಪರ್ಧೆಯ ನಡುವೆ ಗಾಯವಾದರೆ ಆ ವರ್ಷದ ಕೈಪಿಡಿಯ ನಿಯಮವೇ ಅಂತಿಮ. ದೀರ್ಘ ರಿಲೇಗಳಲ್ಲಿ ಸಾಮಾನ್ಯವಾಗಿ ಕಾಣುವ ಆಶಯವೆಂದರೆ, ಒಮ್ಮೆ ಹೊರಬಿದ್ದವರು ಮತ್ತೆ ಒಳಬರಬಾರದು. ಇಲ್ಲದಿದ್ದರೆ ಕಠಿಣ ಹಂತಕ್ಕೆ ಮಾತ್ರ ಕಾಲು ಉಳುಕುವ ವಿಚಿತ್ರ ಕಾಯಿಲೆ ಎಲ್ಲ ತಂಡಗಳಿಗೂ ಹರಡುತ್ತದೆ. ಕಾಲಿನ ಬೊಬ್ಬೆಯನ್ನು ಮುಚ್ಚಿಟ್ಟುಕೊಂಡು ನಡೆಯುವುದು ತ್ಯಾಗವೆಂದು ಕೆಲವರು ತಿಳಿಯುತ್ತಾರೆ. ಹಂತದ ನಡುವೆ ಕುಸಿದರೆ ತಂಡಕ್ಕೆ ಬರುವ ಕಷ್ಟ, ಮೊದಲೇ ಹೇಳಿದ್ದರೆ ಬರುತ್ತಿದ್ದ ಕಷ್ಟಕ್ಕಿಂತ ಬಹಳ ದೊಡ್ಡದು.

ನಡೆಯದಿರುವ ಹೊತ್ತಿನ ಕೆಲಸಗಳನ್ನು ಯಾರು ಮಾಡಬೇಕು?

ಒಗ್ಗಟ್ಟು ಒಡೆಯುವುದು ರಸ್ತೆಯಲ್ಲಿ ಅಲ್ಲ, ವ್ಯಾನಿನಲ್ಲಿ. 12 ಮಂದಿಯ ತಂಡ ಎರಡು ವ್ಯಾನುಗಳಲ್ಲಿ ಆರಾರು ಮಂದಿಯಾಗಿ ಹಂಚಿಕೊಂಡು, ಒಂದು ವ್ಯಾನಿನ ಆರು ಹಂತ ಮುಗಿದ ಮೇಲೆ ಇನ್ನೊಂದಕ್ಕೆ ಪಾಳಿ ಒಪ್ಪಿಸುತ್ತದೆ. ಆ ಬಿಡುವಿನಲ್ಲೇ ನಿದ್ದೆ, ಊಟ, ಬಟ್ಟೆ ಬದಲಾವಣೆ ಎಲ್ಲವೂ ಆಗಬೇಕು. ಓಡಿಸಲು ಬರುವವರು ಇಬ್ಬರೇ ಇದ್ದರೆ ಅವರು ಎರಡು ಹಂತ ನಡೆದೂ ರಾತ್ರಿಯೆಲ್ಲ ಎಚ್ಚರವಿರಬೇಕಾಗುತ್ತದೆ. ಅದು ಅನ್ಯಾಯ ಮಾತ್ರವಲ್ಲ, ಅಪಾಯ. ಇಡೀ ಕಾರ್ಯಕ್ರಮದಲ್ಲಿ ಜೀವಕ್ಕೆ ಕುತ್ತು ತರಬಲ್ಲ ಸಂಗತಿ ನಿದ್ದೆಗೆಟ್ಟ ಚಾಲನೆಯೇ. ನಡೆಯದ ಚಾಲಕರೊಬ್ಬರನ್ನು ಪ್ರತಿ ವ್ಯಾನಿಗೂ ಕರೆತನ್ನಿ, ಅವರ ಊಟ ವಸತಿಯ ಖರ್ಚನ್ನು ತಂಡವೇ ಭರಿಸಲಿ, ತಂಡದ ಅಂಗಿ ಅವರಿಗೂ ಸಿಗಲಿ.

ಬದಲಿ ಸ್ಥಳಗಳನ್ನು ನೋಡಿಕೊಳ್ಳಲು ಸ್ಥಳೀಯ ತಂಡಗಳು ಸ್ವಯಂಸೇವಕರನ್ನು ಒದಗಿಸಬೇಕೆಂಬ ಷರತ್ತು ಓರೆಗನ್ನಿನಲ್ಲಿದೆ. ಇದಕ್ಕೆ ಪ್ರತಿ ವರ್ಷವೂ ಅದೇ ಸದಸ್ಯರ ಸಂಗಾತಿಯನ್ನೋ ಮಕ್ಕಳನ್ನೋ ಕಳಿಸುವ ಪದ್ಧತಿ ಬಿಡಿ. ಒಂದು ವರ್ಷ ನಡೆದವರು ಮುಂದಿನ ವರ್ಷ ಬದಲಿ ಸ್ಥಳದಲ್ಲಿ ನಿಂತರೆ ಆ ಕೆಲಸದ ಭಾರ ಅರ್ಥವಾಗುತ್ತದೆ. ಖರ್ಚಿನ ಲೆಕ್ಕವನ್ನು ಮುಗಿದ ವಾರದಲ್ಲೇ ಚುಕ್ತಾ ಮಾಡಿ.

ಬೇರೆ ತಂಡದವರು ಓಡುವುದು ಕಣ್ಣಿಗೆ ಬಿದ್ದರೆ?

ವ್ಯಾನಿನ ಕಿಟಕಿಯಿಂದ ಕೂಗಬೇಡಿ, ಫೋನಿನಲ್ಲಿ ಚಿತ್ರ ತೆಗೆದು ಹಂಚಬೇಡಿ. ಎದೆಸಂಖ್ಯೆ, ಹೊತ್ತು, ಸ್ಥಳ ಮೂರನ್ನೂ ಬರೆದುಕೊಂಡು ಮುಂದಿನ ಬದಲಿ ಸ್ಥಳದ ಅಧಿಕಾರಿಗೆ ತಿಳಿಸಿ, ಅಲ್ಲಿಗೆ ಬಿಡಿ. ವೇಗದ ನಡಿಗೆ ಅಭ್ಯಾಸವಿಲ್ಲದ ಕಣ್ಣಿಗೆ ಓಟದಂತೆಯೇ ಕಾಣಿಸುತ್ತದೆ. ನುರಿತ ತೀರ್ಪುಗಾರರೂ ಒಬ್ಬರ ನೋಟವನ್ನೇ ನಂಬುವುದಿಲ್ಲ, ಅದಕ್ಕೇ ಮೂರು ಬೇರೆ ಬೇರೆ ತೀರ್ಪುಗಾರರ ಕೆಂಪು ಕಾರ್ಡು ಬೇಕೆಂಬ ನಿಯಮ ಇರುವುದು.

ಎಲ್ಲರೂ ಒಟ್ಟಿಗೆ ನಡೆದು ಮುಗಿಸುವ ತಂಡ ನಡಿಗೆಗಿಂತ ರಿಲೇ ಹೇಗೆ ಬೇರೆ?

1981ರಲ್ಲಿ ಹಾಂಗ್‌ಕಾಂಗ್‌ನ ಗೂರ್ಖಾ ಸೈನಿಕರ ತರಬೇತಿಯಾಗಿ ಶುರುವಾದ ‘ಟ್ರೈಲ್‌ವಾಕರ್’ ನಡಿಗೆ ಆಮೇಲೆ ಆಕ್ಸ್‌ಫ್ಯಾಮ್ ಸಂಸ್ಥೆಯ ಮೂಲಕ ಬೆಂಗಳೂರಿನ ಆಸುಪಾಸಿಗೂ ಬಂದಿತ್ತು. ಅದರಲ್ಲಿ ನಾಲ್ವರು 100 ಕಿಲೋಮೀಟರನ್ನು 48 ಗಂಟೆಯೊಳಗೆ ಜೊತೆಜೊತೆಯಾಗಿ ನಡೆಯಬೇಕು. ನಿಧಾನದವರ ಹೆಜ್ಜೆಗೆ ಎಲ್ಲರೂ ಹೊಂದಿಕೊಳ್ಳುವುದು ಅಲ್ಲಿ ಅನಿವಾರ್ಯ. ರಿಲೇಯಲ್ಲಿ ಆ ಅನಿವಾರ್ಯತೆ ಇಲ್ಲ. ಗುಂಪಿನಲ್ಲಿ ಗೋವಿಂದ ಎನ್ನಲೂ ಆಗದು, ಯಾಕೆಂದರೆ ಪ್ರತಿ ಹಂತದ ಸಮಯ ಒಬ್ಬರ ಹೆಸರಿನ ಮುಂದೆಯೇ ದಾಖಲಾಗುತ್ತದೆ.

ಕರ್ನಾಟಕದ ವಾಕಿಂಗ್ ಕ್ಲಬ್ಬುಗಳು ಇದನ್ನು ಸಣ್ಣದಾಗಿ ನಡೆಸುವುದು ಹೇಗೆ?

ಮೊದಲ ಸಲ 400 ಮೀಟರಿನ ಟ್ರ್ಯಾಕ್ ಬಾಡಿಗೆಗೆ ಪಡೆಯಿರಿ. ನಾಲ್ವರ ತಂಡಕ್ಕೆ ತಲಾ 5 ಕಿಲೋಮೀಟರ್ ಇಡಬೇಡಿ. ಅದು ಹನ್ನೆರಡೂವರೆ ಸುತ್ತಾಗಿ, ಬದಲಾವಣೆ ಒಮ್ಮೆ ಈ ಬದಿಯಲ್ಲಿ, ಒಮ್ಮೆ ಆ ಬದಿಯಲ್ಲಿ ನಡೆಯಬೇಕಾಗುತ್ತದೆ. ತಲಾ 12 ಸುತ್ತು, ಅಂದರೆ 4.8 ಕಿಲೋಮೀಟರ್ ಇಟ್ಟರೆ ಎಲ್ಲ ಬದಲಾವಣೆಗಳೂ ಒಂದೇ ಗೆರೆಯಲ್ಲಿ ಆಗುತ್ತವೆ. ತಂಡದ ಒಟ್ಟು ದೂರ 19.2 ಕಿಲೋಮೀಟರ್. ಕೆರೆಯ ದಂಡೆ ಅಥವಾ ಉದ್ಯಾನದ ಹಾದಿ ಚೆಂದವೇ ಆದರೂ ಬೆಳಗಿನ ಹೊತ್ತು ಅಲ್ಲಿ ಸಾರ್ವಜನಿಕರೇ ತುಂಬಿರುತ್ತಾರೆ, ಅವರನ್ನು ಬದಿಗೆ ಸರಿಸಿ ಸ್ಪರ್ಧೆ ನಡೆಸುವ ಹಕ್ಕು ಯಾವ ಕ್ಲಬ್ಬಿಗೂ ಇಲ್ಲ.

ಟ್ರ್ಯಾಕ್ ಸಮತಟ್ಟಾಗಿರುವುದರಿಂದ ಇಲ್ಲಿ ಹಂಚಿಕೆಯ ಜಗಳ ಏರಿಳಿತದ್ದಲ್ಲ, ಬಿಸಿಲಿನದು. ಬೆಳಗ್ಗೆ ಐದೂವರೆಗೆ ಆರಂಭವಾದರೆ ಮೊದಲಿನವರು ತಂಪಿನಲ್ಲಿ ನಡೆಯುತ್ತಾರೆ, ಕೊನೆಯವರ ಸರದಿ ಎಂಟರ ಆಸುಪಾಸಿಗೆ ಬೀಳುತ್ತದೆ. ಮೈಸೂರಿನಲ್ಲಿ ಇದು ಸಹ್ಯ. ಕಲಬುರಗಿಯ ಏಪ್ರಿಲ್‌ನಲ್ಲಿ ಅಲ್ಲ. ಬಿಸಿಲೂರುಗಳಲ್ಲಿ ಸಂಜೆಗೆ ಹಾಕಿಕೊಳ್ಳಿ, ಇಲ್ಲವೇ ಹಿರಿಯರಿಗೆ ಮೊದಲ ಎರಡು ಸರದಿ ಎಂದು ಎಲ್ಲ ತಂಡಗಳಿಗೂ ಒಂದೇ ನಿಯಮ ಮಾಡಿ.

ತೀರ್ಪಿಗೆ ಮೂವರು ಸಾಕು, ಮೂವರೂ ಬೇರೆ ಬೇರೆ ಕ್ಲಬ್ಬಿನವರಾದರೆ ಉತ್ತಮ. ಹಳದಿ ಫಲಕದ ಒಂದು ಬದಿಗೆ ಅಲೆಯಂಥ ಗೆರೆ ಬರೆಯಿರಿ, ಅದು ನೆಲ ಬಿಟ್ಟದ್ದಕ್ಕೆ. ಇನ್ನೊಂದು ಬದಿಗೆ ಮಡಚಿದ ಮೊಣಕಾಲಿನಂಥ ಕೋನ. ಮೊದಲ ವರ್ಷ ಕೋನದ ಬದಿಯನ್ನು ತೋರಿಸಿ ಕಲಿಸಿ, ದಂಡ ಹಾಕಬೇಡಿ. ನೆಲ ಬಿಟ್ಟವರಿಗೆ ಮೊದಲು ಫಲಕ, ಆಮೇಲೆ ಮೂವರೂ ಪ್ರತ್ಯೇಕವಾಗಿ ತಪ್ಪು ಬರೆದರೆ ತಂಡಕ್ಕೆ ಎರಡು ನಿಮಿಷ ನಿಲುಗಡೆ. ಫಲಿತಾಂಶದ ಹಾಳೆಯಲ್ಲಿ ತಂಡದ ಒಟ್ಟು ಸಮಯ, ಪ್ರತಿಯೊಬ್ಬರ ಸಮಯ, ದಂಡದ ನಿಮಿಷ, ತೀರ್ಪುಗಾರರ ಮತ್ತು ಸುತ್ತು ಎಣಿಸಿದವರ ಹೆಸರು ಎಲ್ಲವೂ ಇರಲಿ. ಆಕ್ಷೇಪಣೆ ಸಲ್ಲಿಸಲು ಅರ್ಧ ಗಂಟೆ ಕೊಟ್ಟು, ಅದು ಕಳೆದ ಮೇಲೆಯೇ ಬಹುಮಾನ ಹಂಚಿ.